ಅಂಗಳಕ್ಕೇ ಶಾಲೆ ತಂದ ತಾರಾಬಾಯಿ ಮೋಡಕ್: ‘ಅಂಗನವಾಡಿ’ಯ ಹಿಂದಿರುವ ಹೆಸರು ನಿಮಗೆ ಗೊತ್ತೇ?

ಬಾಂದ್ರಾ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ಹೊರಟರೆ ಹಿಲ್ ರೋಡ್, ಲಿಂಕಿಂಗ್ ರೋಡ್, ಪಾಲಿ ಹಿಲ್. ಎರಡು ವರ್ಷದ ಮಗುವಿಗೆ ಪ್ಲೇ ಸ್ಕೂಲ್ ಸೀಟು ಹುಡುಕುವ ಅಪ್ಪ ಅಮ್ಮಂದಿರಿಗೆ ಈ ಕಡೆ ಆಯ್ಕೆಗೇನೂ ಕೊರತೆಯಿಲ್ಲ. ಫಲಕದಲ್ಲಿ ‘ಮಾಂಟೆಸ್ಸರಿ’ ಎಂದಿದ್ದರೆ ಶುಲ್ಕವೂ ಅದಕ್ಕೆ ತಕ್ಕಂತೆ ಏರುತ್ತದೆ. ಮಗು ತನ್ನ ಕೆಲಸ ತಾನೇ ಮಾಡಿಕೊಳ್ಳಲು ಕಲಿಯುತ್ತದೆ, ಆತ್ಮವಿಶ್ವಾಸ ಬೆಳೆಯುತ್ತದೆ ಎನ್ನುವುದು ಎಲ್ಲರೂ ಕೊಡುವ ಭರವಸೆ.

ಅದೇ ನಿಲ್ದಾಣದ ಪೂರ್ವ ಭಾಗಕ್ಕೆ ಇಳಿದರೆ ಬೆಹ್ರಾಂಪಾಡದಂಥ ಇಕ್ಕಟ್ಟಿನ ಬಸ್ತಿಗಳು. ಇಲ್ಲಿನ ಪುಟ್ಟ ಮಕ್ಕಳ ಪಾಲಿಗೆ ಇರುವುದು ಅಂಗನವಾಡಿ. ಅಲ್ಲಿ ಆತ್ಮವಿಶ್ವಾಸದ ಮಾತು ಅಷ್ಟಾಗಿ ಕೇಳುವುದಿಲ್ಲ. ಊಟ, ತೂಕ, ಲಸಿಕೆ, ದಾಖಲೆ ಪುಸ್ತಕದ್ದೇ ಮಾತು.

ಹಳಿಯ ಈ ಬದಿ ಮತ್ತು ಆ ಬದಿಗೆ ಸಂಬಂಧವೇ ಇಲ್ಲ ಎನಿಸಬಹುದು. ಆದರೆ ಎರಡರ ಚರಿತ್ರೆಯಲ್ಲೂ ಒಬ್ಬರೇ ಮಹಿಳೆ ಸಿಗುತ್ತಾರೆ. ಬಾಂದ್ರಾದಿಂದ ಮೂರನೇ ನಿಲ್ದಾಣವಾದ ದಾದರ್‌ನಲ್ಲಿ ಮಧ್ಯಮ ವರ್ಗದ ಮಕ್ಕಳಿಗಾಗಿ ಶಿಶುವಿಹಾರ ನಡೆಸಿದವರು, ನಂತರ ಅದೇ ಪಶ್ಚಿಮ ರೈಲು ಮಾರ್ಗದ ಉತ್ತರ ತುದಿಗೆ ಹೋಗಿ ಆದಿವಾಸಿ ಗುಡಿಸಲುಗಳ ಮುಂದೆ ಶಾಲೆ ಹೂಡಿದವರು. ಹೆಸರು ತಾರಾಬಾಯಿ ಮೋಡಕ್.

ಕರ್ನಾಟಕದ ಹಳ್ಳಿ ಹಳ್ಳಿಯಲ್ಲೂ ದಿನ ಬೆಳಗಾದರೆ ಬಾಯಲ್ಲಿರುವ ‘ಅಂಗನವಾಡಿ’ ಎಂಬ ಪದ ಅವರ ಪ್ರಯೋಗದಿಂದ ಹುಟ್ಟಿದ್ದು. ಮರಾಠಿಯ ‘ಅಂಗಣ’ ಎಂದರೆ ನಮ್ಮ ಅಂಗಳವೇ. ಪದ ಉಳಿಯಿತು. ಅದನ್ನು ಹುಟ್ಟಿಸಿದವರ ಹೆಸರು ಕನ್ನಡಿಗರಿಗೆ ಅಷ್ಟಾಗಿ ಪರಿಚಯವಾಗಲಿಲ್ಲ.

ಮಗಳಿಗೆ ಶಾಲೆ ಹುಡುಕುತ್ತಾ

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್ 19ರಂದು. ತಂದೆ ಸದಾಶಿವರಾವ್ ಕೇಳ್ಕರ್, ತಾಯಿ ಉಮಾಬಾಯಿ. ಮನೆಯವರು ಪ್ರಾರ್ಥನಾ ಸಮಾಜದ ಒಡನಾಟದಲ್ಲಿದ್ದವರು. ಜಾತಿ ಭೇದ, ಬಾಲ್ಯವಿವಾಹಗಳ ವಿರುದ್ಧ ಮುಂಬೈಯಲ್ಲಿ 1867ರಿಂದ ಕೆಲಸ ಮಾಡುತ್ತಿದ್ದ ಸಮಾಜ ಅದು. ಹೆಣ್ಣುಮಗಳು ಕಾಲೇಜಿಗೆ ಹೋಗುವುದು ಅಂಥ ಮನೆಯಲ್ಲಿ ದೊಡ್ಡ ಜಗಳದ ವಿಷಯವಾಗಿರಲಿಲ್ಲ. 1914ರಲ್ಲಿ ಅವರು ಮುಂಬೈ ವಿಶ್ವವಿದ್ಯಾಲಯದ ಪದವೀಧರೆಯಾದರು. ಅದೇ ಕಾಲದಲ್ಲಿ ದೇಶದ ಬಹುಪಾಲು ಹೆಣ್ಣುಮಕ್ಕಳಿಗೆ ಅಕ್ಷರವೇ ಇರಲಿಲ್ಲ ಎನ್ನುವುದನ್ನು ನೆನಪಿಟ್ಟುಕೊಂಡರೆ ಆ ಪದವಿಯ ತೂಕ ತಿಳಿಯುತ್ತದೆ.

ಅಮರಾವತಿಯ ವಕೀಲ ಮೋಡಕ್ ಅವರೊಂದಿಗೆ ಮದುವೆಯಾಯಿತು. ದಾಂಪತ್ಯ ಬಹುಕಾಲ ಉಳಿಯಲಿಲ್ಲ. 1921ರ ಹೊತ್ತಿಗೆ ಇಬ್ಬರೂ ಬೇರೆಯಾದರು. ಇಪ್ಪತ್ತೊಂಬತ್ತರ ತಾರಾಬಾಯಿ ಪುಟ್ಟ ಮಗಳೊಂದಿಗೆ ಸ್ವಂತ ಕಾಲ ಮೇಲೆ ನಿಲ್ಲಬೇಕಾಯಿತು. ಸೌರಾಷ್ಟ್ರದ ರಾಜಕೋಟ್‌ನಲ್ಲಿ ಶಿಕ್ಷಕಿಯರನ್ನು ತಯಾರು ಮಾಡುವ ಕಾಲೇಜಿನ ಪ್ರಾಂಶುಪಾಲರ ಹುದ್ದೆ ಸಿಕ್ಕಿತು. ಸಂಬಳವಿತ್ತು, ಗೌರವವಿತ್ತು. ಗಂಡನಿಂದ ಬೇರೆಯಾದ ಹೆಂಗಸಿಗೆ ಆ ಕಾಲದಲ್ಲಿ ಇದಕ್ಕಿಂತ ಭದ್ರವಾದ ಜಾಗ ಸಿಗುವುದು ಕಷ್ಟ.

ಆದರೆ ಮಗಳನ್ನು ಎಲ್ಲಿ ಓದಿಸುವುದು? ಅಂದಿನ ಶಾಲೆ ಎಂದರೆ ಬಾಯಿಪಾಠ ಮತ್ತು ಬೆತ್ತ. ನಾಲ್ಕೈದು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕಲಿಯುವವರು ಎಂದು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆ ಹುಡುಕಾಟದಲ್ಲೇ ಅವರ ಕಣ್ಣು ಭಾವನಗರದಲ್ಲಿ ನಡೆಯುತ್ತಿದ್ದ ಒಂದು ಪ್ರಯೋಗದ ಮೇಲೆ ಬಿತ್ತು. 1923ರಲ್ಲಿ ಕಾಲೇಜಿನ ಹುದ್ದೆ ಬಿಟ್ಟು ಭಾವನಗರಕ್ಕೆ ಹೊರಟರು. ಭಾವನಗರಕ್ಕೆ ಈಗ ಬಾಂದ್ರಾ ಟರ್ಮಿನಸ್‌ನಿಂದಲೇ ರೈಲು ಇದೆ.

ಮೀಸೆ ಇರುವ ಅಮ್ಮ

ಭಾವನಗರದ ಪ್ರಯೋಗ ಗಿಜುಭಾಯಿ ಬಧೇಕಾ ಅವರದು. ಅವರ ಕಥೆಯೂ ಮಗುವಿನಿಂದಲೇ ಶುರುವಾಗುತ್ತದೆ. ವಕೀಲಿಕೆ ಮಾಡುತ್ತಿದ್ದ ಗಿಜುಭಾಯಿಗೆ 1913ರಲ್ಲಿ ಮಗ ಹುಟ್ಟಿದ. ಮಗನನ್ನು ಹೇಗೆ ಬೆಳೆಸುವುದು ಎಂದು ಓದಲು ಕುಳಿತವರ ಕೈಗೆ ಮರಿಯಾ ಮಾಂಟೆಸ್ಸರಿ ಅವರ ವಿಚಾರಗಳು ಸಿಕ್ಕವು. ವಕೀಲಿಕೆ ಬಿಟ್ಟು ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. 1920ರಲ್ಲಿ ಬಾಲಮಂದಿರ ತೆರೆದರು. ಮಕ್ಕಳು ಅವರನ್ನು ಎಷ್ಟು ಹಚ್ಚಿಕೊಂಡರೆಂದರೆ ಜನ ಅವರಿಗೆ ‘ಮೀಸೆ ಇರುವ ಅಮ್ಮ’ ಎಂದೇ ಹೆಸರಿಟ್ಟರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಮಾಂಟೆಸ್ಸರಿ ಎಂದರೆ ಈಗ ಸಿರಿವಂತರ ಶಾಲೆ ಎಂಬ ಭಾವನೆ ಇದೆ. ಆದರೆ ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ಮೊದಲ ಮಕ್ಕಳ ಮನೆ ತೆರೆದಿದ್ದು ರೋಮ್ ನಗರದ ಸ್ಯಾನ್ ಲೊರೆಂಜೋ ಎಂಬ ಬಡವರ ಬಡಾವಣೆಯಲ್ಲಿ. ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ದಿನವಿಡೀ ಒಂಟಿಯಾಗಿ ಉಳಿಯುತ್ತಿದ್ದ ಮಕ್ಕಳಿಗಾಗಿ. ಅಂದರೆ ಅದು ಶುರುವಾಗಿದ್ದು ಬಾಂದ್ರಾ ಪೂರ್ವದಂಥ ಜಾಗದಲ್ಲಿ. ಪಶ್ಚಿಮಕ್ಕೆ ದಾಟಿದ್ದು ಆಮೇಲೆ.

ಭಾವನಗರದ ಬಾಲಮಂದಿರದಲ್ಲಿ ಬಹುಮಾನವೂ ಇರಲಿಲ್ಲ, ಶಿಕ್ಷೆಯೂ ಇರಲಿಲ್ಲ. ತಾರಾಬಾಯಿ ಅಲ್ಲಿ ಮೊದಲು ಕಲಿತದ್ದು ದೊಡ್ಡವರು ಕೈ ಕಟ್ಟಿ ಕೂರುವುದನ್ನು. ಇದು ಸುಲಭದ ಪಾಠವಲ್ಲ. ಮಗು ಅಂಗಿಯ ಗುಂಡಿ ಹಾಕಲು ಐದು ನಿಮಿಷ ತೆಗೆದುಕೊಂಡರೆ ನಮಗೆ ತಡೆಯಲಾಗದು, ನಾವೇ ಹಾಕಿಬಿಡುತ್ತೇವೆ. ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸುವಾಗ ಚೆಲ್ಲಿದರೆ ಗದರುತ್ತೇವೆ. ಮಾಂಟೆಸ್ಸರಿ ಪದ್ಧತಿಯಲ್ಲಿ ಕೆಲಸವನ್ನು ಒಮ್ಮೆ ನಿಧಾನವಾಗಿ, ಮಾತಿಲ್ಲದೆ ಮಾಡಿ ತೋರಿಸಬೇಕು. ನಂತರ ಮಗುವಿನ ಕೈಗೆ ಬಿಡಬೇಕು. ನೀರು ಚೆಲ್ಲಿದರೆ ಬೈಗುಳದ ಬದಲು ಒರೆಸುವ ಬಟ್ಟೆ ಕೊಡಬೇಕು. ಮಗುವಿನ ಎತ್ತರಕ್ಕೆ ಸಿಗುವಂಥ ಕಪಾಟು, ಅದರ ಕೈಗೆ ಹಿಡಿಯುವಂಥ ಪೊರಕೆ, ಅದು ಎತ್ತಬಲ್ಲಂಥ ಮಣೆ ಇಡಬೇಕು. ಆತ್ಮವಿಶ್ವಾಸ ಎಂದು ನಾವು ಹೆಸರಿಟ್ಟಿರುವುದು ಹೊಗಳಿಕೆಯಿಂದ ಬರುವುದಿಲ್ಲ, ತಾನೇ ಮಾಡಿ ಮುಗಿಸಿದ ಕೆಲಸದಿಂದ ಬರುತ್ತದೆ ಎನ್ನುವುದು ಈ ಪದ್ಧತಿಯ ತಿರುಳು.

ಗಿಜುಭಾಯಿ ಮತ್ತು ತಾರಾಬಾಯಿ ಇದನ್ನು ಕಣ್ಣು ಮುಚ್ಚಿ ನಕಲು ಮಾಡಲಿಲ್ಲ. ಕಥೆ, ಹಾಡು, ನಾಟಕಗಳಿಗೆ ಅಲ್ಲಿ ದೊಡ್ಡ ಜಾಗ ಕೊಟ್ಟರು. ಪುಟ್ಟ ಮಕ್ಕಳಿಗೆ ಕಲ್ಪನೆಯ ಕಥೆ ಬೇಡ ಎನ್ನುತ್ತಿದ್ದ ಮಾಂಟೆಸ್ಸರಿ ಅವರಿಗಿಂತ ಇದು ಬೇರೆಯ ದಾರಿ. ಅಜ್ಜಿ ಕಥೆ ಕೇಳಿ ಬೆಳೆಯುವ ನೆಲದಲ್ಲಿ ಇವರದೇ ಸರಿ ಎನಿಸುತ್ತದೆ. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು. ‘ಶಿಕ್ಷಣ ಪತ್ರಿಕಾ’ ಎಂಬ ಮಾಸಿಕದ ಮೂಲಕ ತಂದೆ ತಾಯಂದಿರಿಗೆ, ಶಿಕ್ಷಕರಿಗೆ ಈ ವಿಚಾರ ತಲುಪಿಸುವ ಕೆಲಸ ನಡೆಯಿತು. ಮುಂದೆ ಅದರ ಮರಾಠಿ ಆವೃತ್ತಿಯ ಹೊಣೆಯನ್ನು ತಾರಾಬಾಯಿ ಹೊತ್ತರು.

ದಾದರ್‌ನ ಶಿಶುವಿಹಾರ

1936ರಲ್ಲಿ ತಾರಾಬಾಯಿ ಮುಂಬೈಯ ದಾದರ್‌ನಲ್ಲಿ ಶಿಶುವಿಹಾರ ಆರಂಭಿಸಿದರು. ಗುಮಾಸ್ತರು, ಶಿಕ್ಷಕರು, ವಕೀಲರು ತುಂಬಿದ್ದ ಬಡಾವಣೆ ಅದು. ಮಕ್ಕಳಿಗೆ ಬಾಲಮಂದಿರ, ಜೊತೆಗೆ ಶಿಕ್ಷಕಿಯರಿಗೆ ತರಬೇತಿ. ಕಲಿಕೆ ತಾಯಿನುಡಿಯಲ್ಲಿ. ಮೂರು ವರ್ಷದ ಮಗುವನ್ನು ಇಂಗ್ಲಿಷ್ ರೈಮ್ಸ್ ಹೇಳಿಸಿ ನೆಂಟರ ಮುಂದೆ ನಿಲ್ಲಿಸುವ ಇಂದಿನ ಮುಂಬೈಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಗೊತ್ತಿಲ್ಲದ ಭಾಷೆಯಲ್ಲಿ ಮಗು ಪ್ರಶ್ನೆ ಕೇಳುವುದಿಲ್ಲ. ಪ್ರಶ್ನೆ ಕೇಳದ ಮಗುವಿಗೆ ಧೈರ್ಯ ಎಲ್ಲಿಂದ ಬರಬೇಕು?

1939 ಎರಡು ಕಾರಣಕ್ಕೆ ಮುಖ್ಯವಾದ ವರ್ಷ. ಜೂನ್ 23ರಂದು ಗಿಜುಭಾಯಿ ತೀರಿಕೊಂಡರು, ಆಗ ಅವರಿಗೆ 53 ವರ್ಷ. ಅದೇ ವರ್ಷದ ಕೊನೆಯಲ್ಲಿ ಸ್ವತಃ ಮರಿಯಾ ಮಾಂಟೆಸ್ಸರಿ ಮದ್ರಾಸಿನ ಅಡ್ಯಾರ್‌ಗೆ ಬಂದಿಳಿದರು. ಯುದ್ಧದಿಂದಾಗಿ 1946ರವರೆಗೂ ಭಾರತದಲ್ಲೇ ಉಳಿದರು. ದೇಶದ ದೊಡ್ಡ ಊರುಗಳಲ್ಲಿ ಮಾಂಟೆಸ್ಸರಿ ಶಾಲೆಗಳು ಹಬ್ಬಿದ್ದು ಆ ವರ್ಷಗಳ ತರಬೇತಿಗಳಿಂದ.

ತಾರಾಬಾಯಿ ಮಾತ್ರ ಅಷ್ಟರಲ್ಲಿ ಬೇರೆಯದೇ ಪ್ರಶ್ನೆ ಹಿಡಿದು ಕುಳಿತಿದ್ದರು. ಮಾಂಟೆಸ್ಸರಿ ಸಾಮಗ್ರಿ ದುಬಾರಿ. ನಯವಾದ ಮರದ ಗೋಪುರ, ಅಳತೆಗೆ ಕೊರೆದ ಸಿಲಿಂಡರುಗಳು, ಗುಂಡಿ ಹಾಕಲು ಕಲಿಸುವ ಚೌಕಟ್ಟುಗಳು. ಇವನ್ನೆಲ್ಲ ಕೊಳ್ಳುವವರು ಯಾರು? 1931ರಲ್ಲಿ ಲಂಡನ್‌ನಲ್ಲಿ ಮಾಂಟೆಸ್ಸರಿ ಅವರನ್ನು ಭೇಟಿಯಾದಾಗ ಗಾಂಧೀಜಿ ಕೂಡ ಇಂಥ ಶಿಕ್ಷಣ ಸಿರಿವಂತರ ಮಕ್ಕಳಿಗಷ್ಟೇ ಅಲ್ಲ, ಕಡು ಬಡವರ ಮಕ್ಕಳಿಗೂ ಸಿಗಲಿ ಎಂಬ ಆಸೆಯನ್ನು ಮುಂದಿಟ್ಟಿದ್ದರು. ದಾದರ್‌ನ ಶಾಲೆಯಿಂದ ಆ ಮಕ್ಕಳನ್ನು ತಲುಪುವುದು ಆಗದ ಮಾತಾಗಿತ್ತು.

53ರ ವಯಸ್ಸಿನಲ್ಲಿ ಹಳ್ಳಿಗೆ

1945ರ ಡಿಸೆಂಬರ್‌ನಲ್ಲಿ ತಾರಾಬಾಯಿ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ತೆರೆದರು. ಅಂದಿನ ಠಾಣೆ ಜಿಲ್ಲೆಯ, ಇಂದಿನ ಪಾಲ್ಘರ್ ಜಿಲ್ಲೆಯ ಕರಾವಳಿ ಹಳ್ಳಿ ಅದು. ದಹಾಣು ದಾಟಿ ಘೋಲ್ವಡ್ ನಿಲ್ದಾಣದಲ್ಲಿ ಇಳಿಯಬೇಕು. ಗುಜರಾತ್ ಗಡಿ ಅಲ್ಲೇ ಪಕ್ಕ.

ಜೊತೆಗೆ ಬಂದವರು ಅನುತಾಯಿ ವಾಘ್. ಅವರದು ಇನ್ನೊಂದು ಬದುಕು. 1910ರಲ್ಲಿ ಹುಟ್ಟಿ, 13ಕ್ಕೆ ಮದುವೆಯಾಗಿ, ಆರು ತಿಂಗಳಲ್ಲಿ ವಿಧವೆಯಾದವರು. ಓದಿ ಶಿಕ್ಷಕಿಯಾದವರು. 1945ರಲ್ಲಿ ಬೋರಿವಲಿಯಲ್ಲಿ ನಡೆದ ಕಸ್ತೂರ್ಬಾ ಟ್ರಸ್ಟ್ ತರಬೇತಿ ಶಿಬಿರದಲ್ಲಿ ತಾರಾಬಾಯಿಯನ್ನು ಕಂಡರು. ಆಮೇಲೆ ಅವರ ಕೆಲಸ ಬಿಟ್ಟು ಹೋಗಲಿಲ್ಲ.

ಆ ಸೀಮೆ ಎಂಥದ್ದು ಎನ್ನುವುದು ತಿಳಿಯದೆ ಅವರ ಕೆಲಸದ ಕಷ್ಟ ಅರ್ಥವಾಗದು. ದಹಾಣು, ಉಂಬರಗಾಂವ್ ಭಾಗದ ವಾರ್ಲಿ ಆದಿವಾಸಿಗಳು ಜಮೀನ್ದಾರರ, ಸಾಹುಕಾರರ, ಮರದ ಗುತ್ತಿಗೆದಾರರ ಬಿಟ್ಟಿ ಚಾಕರಿಯಲ್ಲಿ ಸಿಲುಕಿದ್ದರು. ಮದುವೆಗೆಂದು ಸಾಲ ಮಾಡಿದವರು ಗಂಡ ಹೆಂಡತಿ ಇಬ್ಬರೂ ಧಣಿಯ ಜೀತಕ್ಕೆ ಬೀಳುವ ಪದ್ಧತಿ ಇತ್ತು. ತಾರಾಬಾಯಿ ಬೋರ್ಡಿಗೆ ಬಂದ ಅದೇ 1945ರಲ್ಲಿ ಗೋದಾವರಿ ಪರುಳೇಕರ್ ಮತ್ತು ಕಿಸಾನ್ ಸಭಾದ ನೇತೃತ್ವದಲ್ಲಿ ವಾರ್ಲಿಗಳು ಬಿಟ್ಟಿ ಚಾಕರಿಯ ವಿರುದ್ಧ ಎದ್ದು ನಿಂತಿದ್ದರು. ಇಸ್ತ್ರಿ ಬಟ್ಟೆಯ ಹೊರಗಿನವರು ಊರಿಗೆ ಬಂದರೆ ಏನೋ ಕಸಿದುಕೊಳ್ಳಲು ಬಂದಿದ್ದಾರೆ ಎಂದೇ ಅಲ್ಲಿನವರ ಅನುಭವ. ಮಕ್ಕಳು ಶಿಕ್ಷಕಿಯರನ್ನು ಕಂಡು ಓಡಿಹೋಗುತ್ತಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಬಾಲವಾಡಿ ತೆರೆದರೂ ಬಡ ಕೇರಿಗಳ ಮಕ್ಕಳು ಬರಲಿಲ್ಲ. ಕರೆದುಕೊಂಡು ಬಂದರೆ ಮರುದಿನ ಇಲ್ಲ. ಕಾರಣ ಹೆದರಿಕೆಯೊಂದೇ ಅಲ್ಲ. ಐದು ವರ್ಷದ ಹುಡುಗಿ ಶಾಲೆಗೆ ಹೋದರೆ ಸೊಂಟದ ಮೇಲಿನ ತಮ್ಮನನ್ನು ನೋಡಿಕೊಳ್ಳುವವರು ಯಾರು? ಏಳು ವರ್ಷದ ಹುಡುಗ ಬಂದರೆ ದನ ಕಾಯುವವರು ಯಾರು?

ಇಲ್ಲಿಗೆ ಬರುವ ಹೊತ್ತಿಗೆ ದಾದರ್‌ನ ಪಾಠ ತಲೆಕೆಳಗಾಗಿತ್ತು. ಪೇಟೆಯ ಮಗುವಿಗೆ ತನ್ನ ಕೆಲಸ ತಾನು ಮಾಡಿಕೊಳ್ಳಲು ಅವಕಾಶವೇ ಇಲ್ಲ, ಸುತ್ತ ದೊಡ್ಡವರ ಕೈಗಳು. ಅದಕ್ಕೆ ಸ್ವಾವಲಂಬನೆ ಕಲಿಸಬೇಕು. ವಾರ್ಲಿ ಮಗು ಹಾಗಲ್ಲ. ಕೂಸನ್ನು ಎತ್ತಿ ಆಡಿಸುತ್ತದೆ, ಸೌದೆ ಆರಿಸಿ ತರುತ್ತದೆ, ಮರ ಹತ್ತುತ್ತದೆ, ಮೇಕೆ ಕಾಯುತ್ತದೆ. ಕೈ ಕೆಲಸದಲ್ಲಿ ಅದು ಯಾರಿಗೂ ಕಮ್ಮಿಯಿಲ್ಲ. ಅದಕ್ಕೆ ಇಲ್ಲದಿರುವುದು ಹೊರಗಿನವರ ಎದುರು ತಲೆ ಎತ್ತಿ ನಿಲ್ಲುವ ಧೈರ್ಯ. ಆಟಕ್ಕೆಂದು ಸಿಗುವ ಒಂದಿಷ್ಟು ಹೊತ್ತೂ ಅದಕ್ಕಿಲ್ಲ. ಸ್ವಾವಲಂಬನೆಯನ್ನು ಎಲ್ಲ ಮಕ್ಕಳಿಗೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲು ಹೊರಟವರು ಇವತ್ತಿಗೂ ಎಡವುವುದು ಇಲ್ಲಿಯೇ.

ಮಕ್ಕಳು ಬರದಿದ್ದರೆ ಶಾಲೆಯೇ ಹೋಗಲಿ

ತಾರಾಬಾಯಿ ಕಂಡುಕೊಂಡ ದಾರಿ ಸರಳವಾಗಿತ್ತು. ಮಕ್ಕಳು ಶಾಲೆಗೆ ಬರುವುದಿಲ್ಲವೇ, ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಲಿ. ಶಿಕ್ಷಕಿಯರು ಸಾಮಾನು ಹೊತ್ತು ಕೇರಿಗೆ ಹೋದರು. ಯಾರದೋ ಮನೆಯ ಮುಂದಿನ ಜಾಗ, ಒಂದು ಮರದ ನೆರಳು. ಮಕ್ಕಳ ಮೈ ತೊಳೆದು, ತಲೆ ಬಾಚಿ, ಉಗುರು ಕತ್ತರಿಸುವುದರಿಂದ ದಿನ ಶುರು. ಹಾಡು, ಕಥೆ, ಆಟ ಆಮೇಲೆ. ಎಲ್ಲವೂ ತಾಯಂದಿರ ಕಣ್ಣೆದುರೇ ನಡೆಯುತ್ತಿತ್ತು. ಅದೇ ಅಂಗಣ ಬಾಲವಾಡಿ. ಒಂದೇ ಜಾಗದಲ್ಲಿ ನಡೆಯುವ ಕೇಂದ್ರ ಬಾಲವಾಡಿಯೂ ಪಕ್ಕದಲ್ಲೇ ಇತ್ತು. ಅಂಗಳದಲ್ಲಿ ಹೆದರಿಕೆ ಬಿಟ್ಟ ಮಗು ಅಲ್ಲಿಗೆ ನಡೆದು ಬರಬಹುದಿತ್ತು.

ತಾಯಂದಿರ ಎದುರು ನಡೆಸಿದ್ದರಿಂದ ಇನ್ನೊಂದು ಲಾಭವಾಯಿತು. ಹೊಡೆಯದೆ, ಬೈಯದೆ ಮಕ್ಕಳನ್ನು ಕೂರಿಸಬಹುದು, ತೊಳೆದ ಕಣ್ಣಿಗೆ ರೋಗ ಕಡಿಮೆ ಎನ್ನುವುದು ಭಾಷಣವಿಲ್ಲದೆ ಮನೆ ಸೇರಿತು.

ಮರದ ಗೋಪುರದ ಬದಲಿಗೆ ಸುತ್ತಮುತ್ತ ಸಿಕ್ಕಿದ್ದೆಲ್ಲ ಪಾಠದ ಸಾಮಗ್ರಿ ಆಯಿತು. ಎಣಿಸಲು ಬೀಜ, ಕಪ್ಪೆಚಿಪ್ಪು, ಕಲ್ಲು. ಉದ್ದ ಗಿಡ್ಡ ಹೋಲಿಸಲು ಬಿದಿರ ಕಡ್ಡಿ. ಆಕಾರ, ಬಣ್ಣಗಳಿಗೆ ಎಲೆ, ಹೂವು. ಗೊಂಬೆಗೆ ಜೇಡಿಮಣ್ಣು. ದುಬಾರಿ ಸಾಮಗ್ರಿಯ ಹಿಂದಿದ್ದ ಯೋಚನೆಯನ್ನು ಉಳಿಸಿಕೊಂಡು ಸಾಮಗ್ರಿಯನ್ನು ಬಿಟ್ಟುಕೊಟ್ಟರು. ತಾರಾಬಾಯಿಯ ಇಡೀ ಬದುಕಿನಲ್ಲಿ ದೊಡ್ಡ ಸಾಧನೆ ಯಾವುದೆಂದರೆ, ನನ್ನ ಮಟ್ಟಿಗೆ, ಪದ್ಮಭೂಷಣಕ್ಕಿಂತ ಇದೇ.

1957ರ ಹೊತ್ತಿಗೆ ಕೆಲಸ ಬೋರ್ಡಿಯಿಂದ ಒಳನಾಡಿನ ಕೋಸಬಾಡ್ ಗುಡ್ಡಕ್ಕೆ ಬದಲಾಯಿತು. ವಾರ್ಲಿಗಳ ನಡುವೆಯೇ ಇರುವ ಜಾಗ. ತಾರಾಬಾಯಿಗೆ ಆಗ 65. ಅಲ್ಲಿ ಅವರು ರೂಪಿಸಿದ್ದು ವಿಕಾಸವಾಡಿ. ಕೂಸುಗಳ ಪಾಲನಾ ಕೇಂದ್ರ, ಬಾಲವಾಡಿ, ಪ್ರಾಥಮಿಕ ಶಾಲೆ ಒಂದೇ ಆವರಣದಲ್ಲಿ. ಅಕ್ಕನ ಸೊಂಟದ ಮೇಲಿನ ಕೂಸನ್ನು ಪಾಲನಾ ಕೇಂದ್ರ ಎತ್ತಿಕೊಂಡರೆ ಅಕ್ಕ ಪಾಠಕ್ಕೆ ಕೂರಬಹುದು. ಕೂಸಿನ ತಾಯಿ ಕೂಲಿಗೆ ಹೋಗಬಹುದು. ದನ ಕಾಯುವ ಮಕ್ಕಳಿಗಾಗಿ ಅನುತಾಯಿ ಹುಲ್ಲುಗಾವಲಿಗೇ ಹೋಗಿ ‘ಕುರಣಶಾಲೆ’ ನಡೆಸಿದರು. ದನ ಅತ್ತ ಮೇಯುತ್ತಿರಲಿ, ಪಾಠ ಇತ್ತ ನಡೆಯಲಿ ಎಂಬ ಲೆಕ್ಕ.

1962ರಲ್ಲಿ ತಾರಾಬಾಯಿಗೆ ಪದ್ಮಭೂಷಣ ಬಂತು. 1973ರ ಆಗಸ್ಟ್ 31ರಂದು ಅವರು ನಿಧನರಾದರು.

ತಿ. ನರಸೀಪುರಕ್ಕೆ ಬಂದ ಅಂಗಳ

ಅವರು ತೀರಿಕೊಂಡು ಎರಡು ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿತು. ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದ ಆ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ, 100 ಅಂಗನವಾಡಿಗಳೊಂದಿಗೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು, ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಕೋಸಬಾಡ್‌ನ ಪದ ದೇಶದ ಪದವಾಯಿತು.

ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು. ಉಳಿದವು ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ. ಹಸಿದ ಮಗುವಿಗೆ ಮೊದಲು ಊಟ ಬೇಕು, ಅದರಲ್ಲಿ ಎರಡು ಮಾತಿಲ್ಲ. ತಾರಾಬಾಯಿಯೂ ಅಕ್ಷರಕ್ಕಿಂತ ಮೊದಲು ಸ್ನಾನ ಮಾಡಿಸಿದವರೇ. ಆದರೆ ಅಂಗನವಾಡಿ ಕಾರ್ಯಕರ್ತೆಯ ದಿನ ಈಗ ಹೇಗೆ ಕಳೆಯುತ್ತದೆ ಎಂದು ನೋಡಿ. ಅಡುಗೆ, ಮೊಟ್ಟೆ ಲೆಕ್ಕ, ತೂಕ, ಗರ್ಭಿಣಿಯರ ಪಟ್ಟಿ, ಮೊಬೈಲ್ ಆ್ಯಪ್‌ನಲ್ಲಿ ಮಾಹಿತಿ ತುಂಬುವುದು, ಮೇಲಿಂದ ಮೇಲೆ ಸಮೀಕ್ಷೆ. ಇಷ್ಟಾದರೂ ಸರ್ಕಾರದ ಕಡತದಲ್ಲಿ ಆಕೆ ನೌಕರಳಲ್ಲ, ಗೌರವಧನ ಪಡೆಯುವ ಕಾರ್ಯಕರ್ತೆ. ಮೂರು ವರ್ಷದ ಮಗು ಚಪ್ಪಲಿಯನ್ನು ಎಡ ಬಲ ನೋಡಿ ತಾನೇ ಹಾಕಿಕೊಳ್ಳುವವರೆಗೆ ಪಕ್ಕದಲ್ಲಿ ಕಾದು ಕೂರಲು ಆಕೆಗೆ ಪುರುಸೊತ್ತು ಎಲ್ಲಿದೆ?

2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ತರಗತಿಗಳನ್ನು ಕರ್ನಾಟಕ ಸರ್ಕಾರ ಆರಂಭಿಸಿತು. ಖಾಸಗಿ ನರ್ಸರಿಗಳತ್ತ ಹೋಗುತ್ತಿರುವ ಮಕ್ಕಳನ್ನು ಉಳಿಸಿಕೊಳ್ಳುವ ಪ್ರಯತ್ನ. ಮಾಂಟೆಸ್ಸರಿಯನ್ನು ಬಡವರ ಅಂಗಳಕ್ಕೆ ಒಗ್ಗಿಸಿದ್ದರಿಂದ ಹುಟ್ಟಿದ ಅಂಗನವಾಡಿಗೆ ಐದು ದಶಕಗಳ ನಂತರ ಮತ್ತೆ ಮಾಂಟೆಸ್ಸರಿ ಹೆಸರು ಹಚ್ಚಬೇಕಾಗಿ ಬಂದಿದೆ.

ತಾರಾಬಾಯಿ ಹೋದ ಮೇಲೂ ಅನುತಾಯಿ ಕೋಸಬಾಡ್ ಬಿಡಲಿಲ್ಲ. ಶಿಕ್ಷಕಿಯರಿಗೆ ತರಬೇತಿ ಕೊಡುತ್ತಾ, ಪುಸ್ತಕ ಬರೆಯುತ್ತಾ ಇನ್ನೂ 19 ವರ್ಷ ಅಲ್ಲೇ ಇದ್ದರು. ಅವರಿಗೆ ಪದ್ಮಶ್ರೀ ಬಂತು. ಬೋರಿವಲಿಯ ಶಿಬಿರದಿಂದ ಹೊರಟ ಅವರ ಆ ಕೆಲಸ 1992ರ ಸೆಪ್ಟೆಂಬರ್‌ನಲ್ಲಿ ಅವರು ಕಣ್ಣು ಮುಚ್ಚುವವರೆಗೆ ಒಟ್ಟು 47 ವರ್ಷ ನಡೆಯಿತು. ನೂತನ ಬಾಲ ಶಿಕ್ಷಣ ಸಂಘ ಇಂದಿಗೂ ಆ ಗುಡ್ಡದ ಮೇಲಿದೆ.